ಟ್ಯಾಂಕು ಊರಾಚೆ ಹೋದ ದಿನ

ಒಂಬತ್ತನೇ ತರಗತಿಯ ರೇಖಾಗಣಿತ. ಕರಿಹಲಗೆಯ ಮೇಲೆ ಮೂರು ಚುಕ್ಕೆ ಇಟ್ಟು ಮಕ್ಕಳಿಗೆ ಹೇಳಿದೆ: ‘ಇದು ನಮ್ಮೂರು. ಇದು ಕೆರೆಯಾಚೆಯ ಹಟ್ಟಿ. ಇದು ತೋಟದ ಮನೆಗಳು. ಮೂರಕ್ಕೂ ಸಮಾನ ದೂರದಲ್ಲಿ ಒಂದು ನೀರಿನ ಟ್ಯಾಂಕು ಕಟ್ಟಬೇಕು. ಎಲ್ಲಿ ಕಟ್ಟೋಣ?’

‘ಮಧ್ಯದಲ್ಲಿ ಸಾ’ ಎಂದಳು ಮುಂದಿನ ಸಾಲಿನ ಹುಡುಗಿ. ಮಧ್ಯ ಎಂದರೆ ಎಲ್ಲಿ? ಒಬ್ಬೊಬ್ಬರ ಬೆರಳು ಒಂದೊಂದು ಕಡೆ ತೋರಿಸಿತು. ಆಮೇಲೆ ಕೈವಾರ, ಸ್ಕೇಲು ಹಿಡಿದು ಎಲ್ಲರೂ ನೋಟ್‌ಬುಕ್ಕಿನ ಮೇಲೆ ಬಗ್ಗಿದರು. ತ್ರಿಭುಜದ ಒಂದೊಂದು ಬಾಹುವನ್ನೂ ಸರಿಯಾಗಿ ಅರ್ಧ ಮಾಡಿ ಅಲ್ಲಿಂದ ಲಂಬ ಎಳೆದರು. ಮೂರೂ ಲಂಬಗಳು ಒಂದೇ ಬಿಂದುವಿನಲ್ಲಿ ಕೂಡಿದವು. ಕೆಲವರದು ಕೂಡಲಿಲ್ಲ, ಪೆನ್ಸಿಲ್ ಮೊನೆ ಮಾಡಿಕೊಂಡು ಮತ್ತೆ ಎಳೆದರು. ಆ ಬಿಂದುವೇ ಪರಿಕೇಂದ್ರ. ಟ್ಯಾಂಕಿಗೆ ಜಾಗ ಸಿಕ್ಕಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು.

ಆಗ ಪ್ರೊಜೆಕ್ಟರ್ ಹಾಕಿದೆ. ಸುಣ್ಣ ಹೊಡೆದ ಗೋಡೆಯ ಮೇಲೆ ಜಿಯೋಜಿಬ್ರಾ ಎಂಬ ತಂತ್ರಾಂಶದಲ್ಲಿ ಅದೇ ತ್ರಿಭುಜ, ಅದೇ ಪರಿಕೇಂದ್ರ. ಒಬ್ಬ ಹುಡುಗನ ಕೈಗೆ ಮೌಸ್ ಕೊಟ್ಟು ಹಟ್ಟಿಯ ಚುಕ್ಕೆಯನ್ನು ಎಳೆಯಲು ಹೇಳಿದೆ. ಅವನು ಎಳೆದ ಹಾಗೆಲ್ಲ ಟ್ಯಾಂಕು ಮೆಲ್ಲಗೆ ಜರುಗತೊಡಗಿತು. ಹಟ್ಟಿಯ ಕೋನ 90 ಡಿಗ್ರಿ ಆದಾಗ ಎದುರಿನ ವಿಕರ್ಣದ ನಟ್ಟನಡುವೆ ಬಂದು ಕೂತಿತು. ಇನ್ನೂ ಸ್ವಲ್ಪ ಎಳೆದ; ಟ್ಯಾಂಕು ಗೆರೆ ದಾಟಿ ತ್ರಿಭುಜದ ಹೊರಕ್ಕೇ ಹೋಯಿತು. ‘ಸಾ, ಟ್ಯಾಂಕು ಊರಾಚೆ ಹೋಯ್ತು!’ ಹಿಂದಿನ ಬೆಂಚಿನಿಂದ ಕೂಗು ಬಂತು. ಇಡೀ ತರಗತಿ ಎದ್ದು ನಿಂತಿತ್ತು.

ಆ ಪಾಠದಲ್ಲಿ ಕಂಪ್ಯೂಟರು ತೆಗೆದುಕೊಂಡಿದ್ದು ಹೆಚ್ಚೆಂದರೆ 8 ನಿಮಿಷ. ಅದಕ್ಕೆ ಮುಂಚೆ ಅರ್ಧ ಗಂಟೆ ಕೈವಾರ ಹಿಡಿದು ಕೂತಿದ್ದರಿಂದಲೇ ಗೋಡೆಯ ಮೇಲೆ ಓಡಿದ ಚುಕ್ಕೆಗೆ ಅರ್ಥ ಬಂತು. ಮಗು ಕೈ ಆಡಿಸಿದರೆ ಚಿತ್ರ ಉತ್ತರ ಕೊಡುತ್ತಿತ್ತು, ಚಿತ್ರ ಉತ್ತರ ಕೊಟ್ಟರೆ ಮಗು ಮತ್ತೊಂದು ಪ್ರಶ್ನೆ ಕೇಳುತ್ತಿತ್ತು. ತರಗತಿಗೆ ಬರುವ ಯಾವುದೇ ಹೊಸ ಸಾಧನವನ್ನು ನಾನು ಈಗ ಇದೊಂದೇ ಒರೆಗಲ್ಲಿಗೆ ಹಚ್ಚಿ ನೋಡುತ್ತೇನೆ. ಅದು ಮಗುವಿಗೆ ಏನು ತೋರಿಸುತ್ತದೆ ಎನ್ನುವುದಕ್ಕಿಂತ, ಮಗುವಿನ ಮಾತು ವಾಪಸು ಬರಲು ಅದರಲ್ಲಿ ದಾರಿ ಇದೆಯೇ ಎನ್ನುವುದು ಮುಖ್ಯ.

ಈ ಪ್ರಶ್ನೆ ಹೊಸದಲ್ಲ. ನಮ್ಮ ರಾಜ್ಯದಲ್ಲಿ ಇದಕ್ಕೆ ಅರ್ಧ ಶತಮಾನದ ಚರಿತ್ರೆಯೇ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ದೇಶದಲ್ಲಿ ‘ಸೈಟ್’ ಎಂಬ ಉಪಗ್ರಹ ಟಿ.ವಿ. ಪ್ರಯೋಗ ನಡೆಯಿತು. ಅಮೆರಿಕದ ನಾಸಾದಿಂದ ಎರವಲು ತಂದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಇಳಿದವು. ನಮ್ಮಲ್ಲಿ ಅದು ಬಂದದ್ದು ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ತಂತಿಬಲೆಯ ಕೊಡೆಯಂಥ ಆಂಟೆನಾ, ಅದರ ಕೆಳಗೆ ಟಿ.ವಿ. ಪೆಟ್ಟಿಗೆ; ಬೆಳಗಿನ ಹೊತ್ತಿನ ಕಾರ್ಯಕ್ರಮ ಶಾಲಾ ಮಕ್ಕಳಿಗೆಂದೇ ಮೀಸಲು. ಬೆಂಗಳೂರಿಗೇ ಟಿ.ವಿ. ಬಾರದಿದ್ದ ಕಾಲದಲ್ಲಿ ಆ ಹಳ್ಳಿಗಳ ಮಕ್ಕಳು ವಿಜ್ಞಾನದ ಚಿತ್ರಗಳನ್ನು ನೋಡಿದ್ದರು.

ಮುಂದೆ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ‘ಎಜುಸ್ಯಾಟ್’ ಹಾರಿತು. ಶಿಕ್ಷಣಕ್ಕೆಂದೇ ಇಸ್ರೋ ಕಟ್ಟಿದ ಉಪಗ್ರಹ. ಅದರ ಪ್ರಾಯೋಗಿಕ ಪಾಠಗಳು ತಲುಪಿದ್ದು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು. 2017ರಲ್ಲಿ ಕೇಂದ್ರ ಸರ್ಕಾರದ ‘ದೀಕ್ಷಾ’ ವೇದಿಕೆ ಬಂತು. ಪಠ್ಯಪುಸ್ತಕದ ಪುಟದಲ್ಲಿ ಕಪ್ಪು ಬಿಳಿ ಚೌಕದ ಕ್ಯೂಆರ್ ಕೋಡ್ ಮೂಡಿತು, ಫೋನು ಹಿಡಿದರೆ ಆ ಪಾಠದ ವಿಡಿಯೊ ತೆರೆಯುವ ವ್ಯವಸ್ಥೆ ಆಯಿತು. 2020ರಲ್ಲಿ ಕೊರೊನಾದಿಂದ ಶಾಲೆಗಳ ಬಾಗಿಲು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯೇ ಹಲವು ಮಕ್ಕಳಿಗೆ ತರಗತಿಯಾಯಿತು. ಆ ಪಾಠಗಳನ್ನು ಮಾಡಿದ ಶಿಕ್ಷಕರ ಶ್ರಮಕ್ಕೆ ಕೈ ಮುಗಿಯಬೇಕು. ಆದರೆ ಟಿ.ವಿ.ಯೊಳಗಿನ ಮೇಷ್ಟ್ರಿಗೆ ನಮ್ಮ ಮಕ್ಕಳ ಮುಖ ಕಾಣುತ್ತಿರಲಿಲ್ಲ. ಮಗು ಎಲ್ಲಿ ಎಡವಿತು, ಯಾವ ಮಾತಿಗೆ ಹುಬ್ಬು ಗಂಟಿಕ್ಕಿತು ಎನ್ನುವುದು ಅವರಿಗೆ ತಿಳಿಯುವ ದಾರಿ ಇರಲಿಲ್ಲ. ಅದೇ ವರ್ಷ ಸರ್ಕಾರದ ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡಾಗ ಗುಂಪಿನ ಮುಂದೆ ಪರದೆ ಇರಲಿಲ್ಲ. ಮುಖ ಮಾತ್ರ ಇತ್ತು. ಅಷ್ಟರಿಂದಲೇ ಎಷ್ಟೋ ಮಕ್ಕಳ ಓದು ಉಳಿಯಿತು.

ಹಾಗೆಂದು ಪರದೆಯನ್ನು ತಳ್ಳಿಹಾಕುವ ಮಾತು ನನ್ನದಲ್ಲ. ಕರಿಹಲಗೆಗೆ ಆಗದ ಕೆಲಸಗಳನ್ನು ಅದು ಮಾಡುತ್ತದೆ. ಕರಿಹಲಗೆಯ ಮೇಲಿನ ತ್ರಿಭುಜ ಅಲ್ಲಾಡುವುದಿಲ್ಲ. ಲಘುಕೋನ, ಲಂಬಕೋನ, ವಿಶಾಲಕೋನ ಎಂದು ಮೂರು ಬೇರೆ ಬೇರೆ ಚಿತ್ರ ಬರೆದರೆ ಮಕ್ಕಳು ಮೂರು ಬೇರೆ ಬೇರೆ ಪಾಠ ಎಂದುಕೊಳ್ಳುತ್ತಾರೆ. ಒಂದು ಇನ್ನೊಂದಾಗಿ ಮಾರ್ಪಡುವುದನ್ನು ಕಣ್ಣೆದುರು ಕಂಡಾಗ ಮೂರೂ ಒಂದೇ ಸಂಗತಿ ಎಂದು ಹೊಳೆಯುತ್ತದೆ. ಜಿಯೋಜಿಬ್ರಾ ಹುಟ್ಟಿದ್ದೇ ಇದಕ್ಕಾಗಿ. 2001ರಲ್ಲಿ ಆಸ್ಟ್ರಿಯದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಾರ್ಕುಸ್ ಹೋಹೆನ್‌ವಾರ್ಟರ್ ತಮ್ಮ ಸ್ನಾತಕೋತ್ತರ ಪದವಿಯ ಕೆಲಸವಾಗಿ ಇದನ್ನು ಶುರು ಮಾಡಿದರು. ಇಂದು ಹಳ್ಳಿಯ ಶಾಲೆಯೂ ಕಾಸು ಕೊಡದೆ ಇಳಿಸಿಕೊಳ್ಳಬಹುದು. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ದಿನವೂ ಕೆಲಸ ಮಾಡುತ್ತದೆ.

ವಿಜ್ಞಾನದ ಪಾಠಕ್ಕೆ ‘ಫೆಟ್’ ಇದೆ. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಉಚಿತ ಪ್ರಯೋಗಾಲಯ ಅದು. ವಿದ್ಯುತ್ ಮಂಡಲದ ಪಾಠದಲ್ಲಿ ಬ್ಯಾಟರಿಯ ಎರಡು ತುದಿಗೆ ನೇರವಾಗಿ ತಂತಿ ಸೇರಿಸಿದರೆ ಪರದೆಯ ಮೇಲೆ ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ಶಾರ್ಟ್ ಸರ್ಕಿಟ್ ಬೇಡ ಎಂದು ಬಾಯಲ್ಲಿ ಹತ್ತು ಸಲ ಹೇಳುವುದಕ್ಕಿಂತ ಅದು ಒಮ್ಮೆ ಹತ್ತಿಕೊಳ್ಳುವುದನ್ನು ಕಂಡರೆ ಸಾಕು. ಆದರೆ ನಮ್ಮ ವಿಜ್ಞಾನದ ಮೇಡಂ ಅಲ್ಲಿಗೆ ನಿಲ್ಲಿಸುವುದಿಲ್ಲ. ಮರುದಿನ ಒಂದು ಟಾರ್ಚ್ ಸೆಲ್ಲು, ಒಂದು ಬಲ್ಬು, ಒಂದು ಮೊಳ ತಂತಿ ತಂದು ಪ್ರತಿ ಗುಂಪಿಗೂ ಕೊಡುತ್ತಾರೆ. ಪರದೆಯಲ್ಲಿ ಸಲೀಸಾಗಿ ಹತ್ತಿದ ಬಲ್ಬು ಕೈಯಲ್ಲಿ ಹತ್ತುವುದಿಲ್ಲ. ತಂತಿಯ ಪ್ಲಾಸ್ಟಿಕ್ಕು ಸುಲಿದಿರುವುದಿಲ್ಲ, ಸೆಲ್ಲು ಖಾಲಿಯಾಗಿರುತ್ತದೆ. ಯಾಕೆ ಹತ್ತಲಿಲ್ಲ ಎಂದು ಹುಡುಕುವಾಗಲೇ ನಿಜವಾದ ವಿಜ್ಞಾನ ಶುರುವಾಗುತ್ತದೆ.

ಇನ್ನು ವಾಟ್ಸ್ಆ್ಯಪ್. ಇಂದು ಶಾಲೆ ಎಂದರೆ ಗುಂಪುಗಳ ಸರಮಾಲೆ: ಇಲಾಖೆಯದೊಂದು, ಕ್ಲಸ್ಟರಿನದೊಂದು, ಪೋಷಕರದೊಂದು, ತರಗತಿಗೊಂದು. ಎರಡೂ ಕಡೆಯ ಮಾತಿಗೆ ದಾರಿ ಇರುವ ಸಾಧನ ಇದು. ದುಃಖದ ಸಂಗತಿ ಎಂದರೆ ಇದನ್ನೂ ನಾವು ಒಂದೇ ಕಡೆಯ ಮೈಕ್ ಮಾಡಿಕೊಂಡಿದ್ದೇವೆ. ಮೇಲಿನಿಂದ ಆದೇಶ ಇಳಿಯುತ್ತದೆ, ಕೆಳಗಿನಿಂದ ಫೋಟೊ ಏರುತ್ತದೆ. ಬಿಸಿಯೂಟದ ಫೋಟೊ, ಮೊಟ್ಟೆ ಹಂಚಿದ ಫೋಟೊ, ಗಿಡ ನೆಟ್ಟ ಫೋಟೊ. ಪೋಷಕರ ಗುಂಪಿನಲ್ಲಿ ಮನೆಗೆಲಸದ ಪಟ್ಟಿ ಬೀಳುತ್ತದೆ, ಅದರ ಕೆಳಗೆ ಕೈ ಜೋಡಿಸಿದ ಚಿತ್ರಗಳ ಸಾಲು. ಮಗು ಏನು ಕಲಿಯಿತು ಎನ್ನುವುದು ಯಾವ ಗುಂಪಿನಲ್ಲೂ ಕಾಣುವುದಿಲ್ಲ.

ಹಾಗಾಗಲೇಬೇಕೆಂದಿಲ್ಲ. ಶಾಲೆ ಮುಚ್ಚಿದ್ದ ದಿನಗಳಲ್ಲಿ ಭಿನ್ನರಾಶಿಯ ಪಾಠ ಹೇಗೆ ಮಾಡುವುದೆಂದು ತಲೆ ಕೆಡಿಸಿಕೊಂಡಿದ್ದಾಗ ಮಕ್ಕಳಿಗೆ ಒಂದು ಕೆಲಸ ಹೇಳಿದೆ: ‘ಮನೆಯಲ್ಲಿ ಹಿರಿಯರು ಯಾರಿದ್ದಾರೋ ಅವರನ್ನು ಕೇಳಿ, ಮೊದಲೆಲ್ಲ ಕಾಳು ಹೇಗೆ ಅಳೆಯುತ್ತಿದ್ದರು ಅಂತ. ಅವರ ಮಾತನ್ನೇ ರೆಕಾರ್ಡ್ ಮಾಡಿ ಕಳಿಸಿ. ಫೋನ್ ಇಲ್ಲದವರು ಚೀಟಿ ಬರೆದು ಹಾಲಿನ ಡೇರಿಯಲ್ಲಿ ಕೊಡಿ.’ ಸಂಜೆ ಒಬ್ಬ ಹುಡುಗಿಯಿಂದ ಧ್ವನಿ ಸಂದೇಶ ಬಂತು. ಹಿಂದೆ ಕೋಳಿಯ ಸದ್ದು, ಮುಂದೆ ಅಜ್ಜಿಯ ದನಿ: ‘ಎರಡು ಪಾವು ಒಂದು ಅಚ್ಚೇರು ಕಣಪ್ಪ ಮೇಷ್ಟ್ರೇ, ಎರಡು ಅಚ್ಚೇರು ಒಂದು ಸೇರು. ಅರೆಪಾವು ಅಂದ್ರೆ ಪಾವಲ್ಲಿ ಅರ್ಧ. ರಾಗಿ ಕಡ ತಗೊಂಡೋರು ಅಳತೆ ತುಂಬಾ ಕೊಡ್ಬೇಕು, ತಲೆ ಸವರಂಗಿಲ್ಲ.’

ಅಚ್ಚೇರು ಅರ್ಧ, ಪಾವು ಕಾಲು, ಅರೆಪಾವು ಎಂಟನೇ ಒಂದು. ಭಿನ್ನರಾಶಿಯ ಇಡೀ ಅಧ್ಯಾಯ ಆ ಅಜ್ಜಿಯ ಬಾಯಲ್ಲಿತ್ತು. ಅವರ ಅನುಮತಿ ಪಡೆದು ಆ ಸಂದೇಶವನ್ನು ಗುಂಪಿಗೆ ಹಾಕಿ ಮಕ್ಕಳನ್ನು ಕೇಳಿದೆ: ‘ಮೂರು ಅರೆಪಾವು ಸೇರಿದರೆ ಸೇರಿನಲ್ಲಿ ಎಷ್ಟು ಭಾಗ?’ ಎಂಟನೇ ಮೂರು ಎಂದು ಮೊದಲು ಉತ್ತರ ಕಳಿಸಿದ್ದು ಅಲ್ಲಿಯವರೆಗೆ ಲೆಕ್ಕ ಎಂದರೆ ಮುಖ ತಿರುಗಿಸುತ್ತಿದ್ದ ಹುಡುಗ. ಅವನ ಮನೆಯಲ್ಲಿ ಪಾವು ಇತ್ತಂತೆ, ನೀರು ತುಂಬಿ ಅಳೆದು ನೋಡಿದನಂತೆ. ಓದು ಬರಹ ಬಾರದ ಅಜ್ಜಿಯೊಬ್ಬರು ನನ್ನ ತರಗತಿಗೆ ಪಾಠ ಮಾಡಿದ್ದು ಫೋನಿನಿಂದಲೇ ಸಾಧ್ಯವಾಯಿತು.

ಶಿಕ್ಷಕರು ತಮ್ಮತಮ್ಮಲ್ಲಿ ಹಂಚಿಕೊಳ್ಳುವುದರ ಬಲ ಇನ್ನೂ ದೊಡ್ಡದು. ‘ನಲಿಕಲಿ’ ಕಲಿಕಾ ಪದ್ಧತಿ ಹುಟ್ಟಿದ್ದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಶಿಕ್ಷಕರೇ ಕೂತು ಕಾರ್ಡು ಬರೆದು, ಕಲಿಕಾ ಏಣಿ ಕಟ್ಟಿದ್ದರಿಂದ. ಅದೇ ಮನೋಭಾವ 2010ರ ದಶಕದಲ್ಲಿ ಕಂಪ್ಯೂಟರಿಗೂ ಬಂತು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಗೂಡಿ ವಿಷಯ ಶಿಕ್ಷಕರ ವೇದಿಕೆಯನ್ನು ಕಟ್ಟಿದವು; ಪ್ರೌಢಶಾಲಾ ಶಿಕ್ಷಕರು ತಾವೇ ಮಾಡಿದ ಪಾಠ, ಚಿತ್ರ, ಪ್ರಶ್ನೆಗಳನ್ನು ಯಾರು ಬೇಕಾದರೂ ಬಳಸುವಂತೆ, ತಿದ್ದುವಂತೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳಲ್ಲಿ ಹಾಕತೊಡಗಿದರು. ಸಿದ್ಧ ವಿಡಿಯೊ ಒತ್ತಿ ಕೈಕಟ್ಟಿ ನಿಲ್ಲುವ ಶಿಕ್ಷಕನಿಗೂ ತನ್ನ ಮಕ್ಕಳಿಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುವ ಶಿಕ್ಷಕನಿಗೂ ಅಜಗಜಾಂತರ.

ಈ ಹಂಚಿಕೆಗೆ ನಮ್ಮಲ್ಲಿ ಒಂದು ಸಣ್ಣ ಮುಳ್ಳು ಅಡ್ಡ ಬರುತ್ತದೆ. ಎಷ್ಟೋ ಶಾಲೆಗಳ ಪ್ರಶ್ನೆಪತ್ರಿಕೆಗಳು ಇನ್ನೂ ಹಳೆಯ ನುಡಿ ಫಾಂಟಿನಲ್ಲಿವೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಆ ಫೈಲನ್ನು ಫೋನಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಟೋಪಿ ಹಾಕಿದ, ಬಾಲ ಬಿಟ್ಟ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಾರಣ ಸರಳ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ರೂಪಗಳನ್ನು ಬಾಡಿಗೆಗೆ ಕೂರಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಮನೆಯ ಮಾಲೀಕನೇ ಕಾಣಿಸುತ್ತಾನೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಮನೆ ಇದೆ. ‘ಕ’ ಎಂಬ ಅಕ್ಷರದ ಸಂಖ್ಯೆ 3221. ಸಿಂಧನೂರಿನ ಫೋನಿನಲ್ಲೂ ಸಿಂಗಪುರದ ಫೋನಿನಲ್ಲೂ ಅದೇ. ಇಂದಿನ ನುಡಿ ತಂತ್ರಾಂಶದಲ್ಲೇ ಯೂನಿಕೋಡ್ ಆಯ್ಕೆ ಇದೆ. ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಇನ್ನು ಮುಂದೆ ಅದರಲ್ಲೇ ಬರೆಯಿರಿ. ನೀವು ಕಷ್ಟಪಟ್ಟು ಮಾಡಿದ ಪಾಠ ಮುಂದಿನ ಶಾಲೆಯಲ್ಲಿ ಕನ್ನಡವಾಗಿಯೇ ತೆರೆಯಲಿ.

ಸಾಮಾಜಿಕ ಜಾಲತಾಣದ ಸುಳ್ಳುಗಳನ್ನೂ ಪಾಠವಾಗಿಸಬಹುದು. ಪ್ರತಿ ದೀಪಾವಳಿಗೂ ಒಂದು ಚಿತ್ರ ಬರುತ್ತದೆ: ಕಪ್ಪು ಭೂಪಟದ ಮೇಲೆ ಬಿಳಿ, ನೀಲಿ, ಹಸಿರು, ಕೆಂಪು ಬೆಳಕು ಚೆಲ್ಲಿದ ಭಾರತ. ‘ದೀಪಾವಳಿಯ ರಾತ್ರಿ ನಾಸಾ ತೆಗೆದ ಫೋಟೊ’ ಎಂಬ ಒಕ್ಕಣೆ. ಅದನ್ನೇ ಗೋಡೆಯ ಮೇಲೆ ಹಾಕಿ ಸಮಾಜ ವಿಜ್ಞಾನದ ತರಗತಿಯಲ್ಲಿ ಕೇಳಿದೆವು: ಹಣತೆಯ ಬೆಳಕು ಯಾವ ಬಣ್ಣ? ಹಸಿರು, ನೀಲಿ ಎಲ್ಲಿಂದ ಬಂತು? ಯಾವ ವರ್ಷದ ದೀಪಾವಳಿ, ಯಾಕೆ ಬರೆದಿಲ್ಲ? ಪಕ್ಕದ ದೇಶಗಳಲ್ಲೂ ಯಾಕೆ ಬೆಳಕಿದೆ? ಮಕ್ಕಳ ಮುಖದಲ್ಲಿ ಮೊದಲು ಬೇಸರ, ಆಮೇಲೆ ಪತ್ತೇದಾರನ ಕುತೂಹಲ.

ನಿಜ ಹೀಗಿದೆ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾದ ವಿಜ್ಞಾನಿಯೊಬ್ಬರು 2003ರಲ್ಲಿ ಹಲವು ವರ್ಷಗಳ ಉಪಗ್ರಹ ಮಾಹಿತಿ ಸೇರಿಸಿ ಮಾಡಿದ ಚಿತ್ರ ಅದು. 1992ಕ್ಕೆ ಮೊದಲೇ ಕಾಣುತ್ತಿದ್ದ ಊರುಗಳ ಬೆಳಕಿಗೆ ಬಿಳಿ ಬಣ್ಣ. 1992ರಲ್ಲಿ ಹೊಸದಾಗಿ ಕಂಡದ್ದಕ್ಕೆ ನೀಲಿ, 1998ಕ್ಕೆ ಹಸಿರು, 2003ಕ್ಕೆ ಕೆಂಪು. ಅದು ಜನವಸತಿ ಬೆಳೆದ ಕಥೆ. 2012ರಲ್ಲಿ ನಾಸಾ ದೀಪಾವಳಿಯ ರಾತ್ರಿಯ ನಿಜವಾದ ಚಿತ್ರವನ್ನೇ ಪ್ರಕಟಿಸಿ, ಹಬ್ಬದ ಹೆಚ್ಚುವರಿ ಬೆಳಕು ಬಾಹ್ಯಾಕಾಶದಿಂದ ಕಾಣುವುದೇ ಕಷ್ಟ ಎಂದು ತಿಳಿಸಿತು. ಇದು ಗೊತ್ತಾದ ಮೇಲೆ ಮಕ್ಕಳು ಅದೇ ಚಿತ್ರವನ್ನು ಇನ್ನೊಂದು ಕಣ್ಣಿನಿಂದ ನೋಡಿದರು: ನಗರದ ಸುತ್ತ ಕೆಂಪು ಯಾಕೆ ಹಬ್ಬಿದೆ, ನಡುವಣ ಕಪ್ಪು ಜಾಗ ಕಾಡೋ, ಕರೆಂಟಿಲ್ಲದ ಊರೋ? ಆ ವಾರ ಇಬ್ಬರು ಮಕ್ಕಳು ಮನೆಯಲ್ಲಿ ಅಪ್ಪನಿಗೆ ಬಂದ ಫಾರ್ವರ್ಡುಗಳ ಮೇಲಿನ ಜೋಡಿ ಬಾಣದ ಗುರುತು ತೋರಿಸಿ, ‘ಇದು ಬಹಳ ಕೈ ದಾಟಿ ಬಂದದ್ದು, ತಡೀರಿ’ ಎಂದರಂತೆ.

ಈ ಜಾಣ್ಮೆ ಎಷ್ಟು ತುರ್ತಿನದು ಎಂಬುದಕ್ಕೆ ಪ್ರಥಮ್ ಸಂಸ್ಥೆಯ ‘ಅಸರ್ 2024’ ವರದಿ ನೋಡಬೇಕು. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಸಮೀಕ್ಷೆಯ ಹಿಂದಿನ ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಬಳಸಲು ಬರುವ ಹುಡುಗರಲ್ಲಿ ಶೇ 36 ಮಂದಿಗೆ ಸ್ವಂತ ಫೋನಿದ್ದರೆ, ಹುಡುಗಿಯರಲ್ಲಿ ಅದು ಶೇ 27 ಮಾತ್ರ. ಶಾಲೆ ಕಲಿಸಲಿ ಬಿಡಲಿ, ಫೋನು ಮಕ್ಕಳ ಕೈ ಸೇರಿದೆ. ಮನೆಗೆಲಸವನ್ನೆಲ್ಲ ಫೋನಿಗೇ ಹಾಕಿದರೆ ಹಿಂದೆ ಬೀಳುವವರು ಯಾರು ಎಂಬುದನ್ನೂ ಈ ಅಂಕಿಗಳೇ ಹೇಳುತ್ತವೆ. ನಮ್ಮೂರ ಕಡೆ ಫೋನು ಬೆಳಗ್ಗೆ ಅಪ್ಪನ ಜೇಬಿನಲ್ಲಿ ಹೊಲಕ್ಕೋ ಗಾರೆ ಕೆಲಸಕ್ಕೋ ಹೋಗುತ್ತದೆ, ರಾತ್ರಿ ಮನೆಗೆ ಬರುತ್ತದೆ. ಆಮೇಲೆ ಅದು ಅಣ್ಣನ ಸರದಿ. ತಂಗಿಯ ಸರದಿ ಬರುವಷ್ಟರಲ್ಲಿ ಚಾರ್ಜೂ ಇರುವುದಿಲ್ಲ, ಡೇಟಾವೂ ಇರುವುದಿಲ್ಲ. ಅದಕ್ಕೇ ಡೇರಿಯ ಚೀಟಿಯ ದಾರಿಯನ್ನು ನಾನು ಇಂದಿಗೂ ಮುಚ್ಚಿಲ್ಲ.

ಇನ್ನೊಂದು ವಿಷಯದಲ್ಲಿ ನಾವು ಶಿಕ್ಷಕರು ತಪ್ಪು ಮಾಡುತ್ತಿದ್ದೇವೆ. ಮಕ್ಕಳ ಫೋಟೊ, ವಿಡಿಯೊಗಳನ್ನು ಹೆಸರು, ಊರಿನ ಸಮೇತ ಫೇಸ್‌ಬುಕ್ಕಿಗೆ, ಇನ್‌ಸ್ಟಾಗ್ರಾಮಿಗೆ ಹಾಕುತ್ತೇವೆ. ಮಗ್ಗಿ ತಪ್ಪು ಹೇಳಿದ ಮಗುವಿನ ಮುದ್ದು ವಿಡಿಯೊ ಸಾವಿರಾರು ಜನ ನೋಡಿ ನಗುತ್ತಾರೆ. ಆ ಮಗು ಹತ್ತು ವರ್ಷದ ಮೇಲೂ ಅದೇ ವಿಡಿಯೊದೊಳಗೆ ತಪ್ಪು ಹೇಳುತ್ತಲೇ ಇರುತ್ತದೆ. ಆ ಮಗುವನ್ನು ನಾವು ಯಾರಾದರೂ ಕೇಳಿದ್ದೆವೇ? ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. 18 ವರ್ಷದೊಳಗಿನವರೆಲ್ಲ ಅದರ ಪ್ರಕಾರ ಮಕ್ಕಳೇ, ಅವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು. ಶಾಲೆಯ ಕಲಿಕೆ, ಸುರಕ್ಷತೆಯ ಕೆಲಸಕ್ಕೆ ಕೆಲವು ವಿನಾಯಿತಿಗಳಿವೆ ನಿಜ. ಲೈಕು ಗಳಿಸುವುದು ಕಲಿಕೆಯ ಕೆಲಸವಲ್ಲ. ಕಾಯ್ದೆಯ ಮಾತು ಹಾಗಿರಲಿ, ಪರರ ಮಕ್ಕಳು ನಮ್ಮ ಮಡಿಲಲ್ಲಿರುವ ಹೊತ್ತಿನಲ್ಲಿ ಅವರ ಮಾನ ಕಾಯುವುದು ಮೇಷ್ಟ್ರುತನದ ಮೊದಲ ಪಾಠ. ಫೋಟೊ ಬೇಕೇ ಬೇಕೆಂದರೆ ಮಗು ಬಿಡಿಸಿದ ಚಿತ್ರದ್ದು ತೆಗೆಯೋಣ, ಅದರ ಕೈಬರಹದ್ದು ತೆಗೆಯೋಣ.

2023ರಲ್ಲಿ ಯುನೆಸ್ಕೊ ಶಿಕ್ಷಣದಲ್ಲಿ ತಂತ್ರಜ್ಞಾನ ಕುರಿತು ಜಾಗತಿಕ ವರದಿ ತಂದಾಗ ಅದರ ಹೆಸರಿನಲ್ಲೇ ಒಂದು ಪ್ರಶ್ನೆ ಇಟ್ಟಿತ್ತು: ಈ ಸಾಧನ ಯಾರ ಷರತ್ತಿನ ಮೇಲೆ? ಕಂಪನಿಯ ಷರತ್ತಿನ ಮೇಲೋ, ಕಚೇರಿಯ ಷರತ್ತಿನ ಮೇಲೋ ಬಂದ ಟ್ಯಾಬು ಬೀರುವಿನಲ್ಲಿ ದೂಳು ತಿನ್ನುವುದನ್ನು ಕಂಡಿದ್ದೇನೆ. ಮಗುವಿನ ಪ್ರಶ್ನೆಯ ಷರತ್ತಿನ ಮೇಲೆ ಬಂದ ಒಂದು ಹಳೆಯ ಲ್ಯಾಪ್‌ಟಾಪು ಏನು ಮಾಡಬಲ್ಲದು ಎಂಬುದನ್ನೂ ಕಂಡಿದ್ದೇನೆ.

ಟ್ಯಾಂಕು ಊರಾಚೆ ಹೋದ ಮಾರನೆಯ ದಿನ ಬೆಳಗ್ಗೆ ಮೌಸ್ ಹಿಡಿದಿದ್ದ ಹುಡುಗ, ಇನ್ನಿಬ್ಬರ ಜೊತೆ ಸೈಕಲ್ ತಳ್ಳಿಕೊಂಡು ಶಾಲೆಗೆ ಬಂದ. ಚಕ್ರದ ಒಂದು ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಅದು ಎಷ್ಟು ಸುತ್ತು ತಿರುಗಿತು ಎಂದು ಎಣಿಸುತ್ತಾ ಊರಿಂದ ಹಟ್ಟಿಗೆ, ಹಟ್ಟಿಯಿಂದ ತೋಟದ ಮನೆಗಳಿಗೆ, ಅಲ್ಲಿಂದ ಮತ್ತೆ ಊರಿಗೆ ಅಳೆದಿದ್ದರು. ಚಕ್ರದ ಪರಿಧಿಯಿಂದ ಗುಣಿಸಿ ದೂರ ತೆಗೆದು ಹಾಳೆಯ ಮೇಲೆ ತ್ರಿಭುಜ ಬರೆದಿದ್ದರು. ಪರಿಕೇಂದ್ರ ಬಂದು ಬಿದ್ದದ್ದು ನೇರ ಕೆರೆಯಂಗಳದಲ್ಲಿ.

‘ಕೆರೇಲಿ ಟ್ಯಾಂಕು ಕಟ್ಟಕ್ಕಾಗಲ್ಲ ಸಾ’ ಎಂದ ಒಬ್ಬ. ಇನ್ನೊಬ್ಬ ಹಾಳೆಯನ್ನು ತಿರುಗಿಸಿ ಇಟ್ಟು, ‘ಅದಿರಲಿ ಸಾ, ನಾವು ಸೊಟ್ಟ ದಾರೀಲಿ ಅಳೆದಿದೀವಿ, ಲೆಕ್ಕದಲ್ಲಿ ನೆಟ್ಟಗೆ ಗೆರೆ ಎಳೆದಿದೀವಿ. ಪೈಪು ಯಾವ ದಾರೀಲಿ ಹೋಗುತ್ತೆ?’ ಎಂದು ಕೇಳಿದ. ನನ್ನ ಪಾಠ ಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಅವತ್ತು ಪ್ರೊಜೆಕ್ಟರಿನ ಕೊಠಡಿಗೆ ಬೀಗ ಹಾಕಿತ್ತು. ಸೀಮೆಸುಣ್ಣ ಅವನ ಕೈಗೆ ಕೊಟ್ಟು ನಾನು ಬೆಂಚಿನ ಮೇಲೆ ಕೂತೆ.